ತಿರುಗಿ ಬಂದ ಡಬ್ಬಿ

ತಂಬೂರು ಎಂಬ ಹಳ್ಳಿಯ ಅಂಗನವಾಡಿ ಟೀಚರ್ ಗೌರಕ್ಕನಿಗೆ ಎರಡು ವಿಷಯದಲ್ಲಿ ಯಾರೂ ಎದುರಾಡುವಂತಿರಲಿಲ್ಲ. ಒಂದು ರೊಟ್ಟಿ, ಇನ್ನೊಂದು ರೂಲ್ಸು. ರೊಟ್ಟಿ ತೆಳ್ಳಗಿರಬೇಕು, ರೂಲ್ಸು ಗಟ್ಟಿಯಿರಬೇಕು ಎಂಬುದು ಅವಳ ಲೆಕ್ಕ. ಕೊರೊನಾದ ಎರಡನೇ ಅಲೆ ಬಂದ ಆ ಬೇಸಿಗೆಯಲ್ಲಿ ಪಂಚಾಯತಿಯವರು ಊರಿಗೊಂದು ಸಮಿತಿ ಮಾಡಿ ಅವಳನ್ನೂ ಅದರಲ್ಲಿ ಹಾಕಿದರು. ಮುಂದೆ ಗೌರಕ್ಕ ಸಮಿತಿಗೆ ಸೇರಿದಳೋ, ಸಮಿತಿಯೇ ಗೌರಕ್ಕನಿಗೆ ಸೇರಿತೋ ಯಾರಿಗೂ ತಿಳಿಯಲಿಲ್ಲ. ಅಧ್ಯಕ್ಷ ಶಂಭುಲಿಂಗಪ್ಪ ಒಳ್ಳೆಯ ಮನುಷ್ಯ, ಅಂದರೆ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು.

ಊರ ಅಗಸಿಬಾಗಿಲಿಗೆ ಜಾಲಿಮುಳ್ಳು ಎಳೆಸಿದವಳು ಅವಳೇ. ಅಂಗನವಾಡಿಯ ಕರಿಹಲಗೆ ತಂದು ಅಲ್ಲೇ ಗೋಡೆಗೆ ಒರಗಿಸಿ, ‘ಧಾರವಾಡ, ಹುಬ್ಬಳ್ಳಿಯಿಂದ ಬರುವವರಿಗೆ ಪ್ರವೇಶವಿಲ್ಲ’ ಎಂದು ಬರೆದವಳೂ ಅವಳೇ. ಅದರ ಕೆಳಗೆ ದಿನಾ ಸಂಜೆ, ಟಿ.ವಿ.ಯಲ್ಲಿ ಹೇಳಿದ ಜಿಲ್ಲೆಯ ಹೊಸ ಕೇಸುಗಳ ಸಂಖ್ಯೆಯನ್ನು ಮಕ್ಕಳಿಗೆ ಅಂಕಿ ಕಲಿಸುವಂತೆ ಗುಂಡಗೆ ಬರೆಯುತ್ತಿದ್ದಳು. ಕಟ್ಟೆಯ ಮೇಲೆ ಕೂತವರು ಪೇಟೆ ಧಾರಣೆ ಕೇಳಿದಂತೆ, “ಇವತ್ತ ಧಾರವಾಡದ್ದು ಎಷ್ಟರೀ ಅಕ್ಕಾರ?” ಎಂದು ಕೇಳುತ್ತಿದ್ದರು. ಸಂಖ್ಯೆ ಏರಿದ ದಿನ ಗೌರಕ್ಕನ ದನಿಯೂ ಏರುತ್ತಿತ್ತು.

ಮುಳ್ಳು ಹಾಕಿದ ಹೊಸದರಲ್ಲೇ ಅದೇ ಊರಿನ ಮರಿಯಮಬಿಯ ಮಗಳು ಫರಹತ್ ಧಾರವಾಡದಿಂದ ಯಾರದೋ ಗಾಡಿ ಹತ್ತಿ ಬಂದು ಅಗಸಿಯಲ್ಲಿ ನಿಂತಳು. ಬಿ.ಎಡ್. ಓದುವ ಹುಡುಗಿ. ಹಾಸ್ಟೆಲಿಗೆ ಬೀಗ ಬಿದ್ದಿತ್ತು. ಮುಳ್ಳಿನ ಈಚೆಗೆ ತಾಯಿ, ಆಚೆಗೆ ಮಗಳು.

“ಒಂದ ದಿನಾನರ ಬಿಡ ಗೌರವ್ವಾ, ಹಿತ್ತಲದಾಗ ಇರ್ತಾಳ,” ಎಂದಳು ಮರಿಯಮಬಿ.

“ನನ್ನ ಮಗಳ ಬಂದ್ರೂ ಇದ ಮಾತ. ಯಾರಿಗೂ ಬಿಡಂಗಿಲ್ಲ,” ಎಂದಳು ಗೌರಕ್ಕ.

ಮರಿಯಮಬಿ ಮನೆಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದು ಮುಳ್ಳಿನ ಮೇಲಿಂದ ಎಸೆದಳು. ಫರಹತ್ ಅದನ್ನು ಎತ್ತಿಕೊಂಡು ಕಲಘಟಗಿಯ ಸೋದರತ್ತೆಯ ಮನೆಗೆ ಹೋದಳು. ಊರವರು ಗೌರಕ್ಕನ ನ್ಯಾಯವನ್ನು ಹೊಗಳಿದರು. ಹೊಗಳಿಕೆ ಅವಳಿಗೆ ಸ್ವಲ್ಪ ಹೆಚ್ಚೇ ಹಿಡಿಸಿತು.

‘ನನ್ನ ಮಗಳು’ ಎಂದು ಅವಳು ಹೇಳಿದ್ದು ಅಮೃತಾಳನ್ನು. ಹೆತ್ತ ಮಗಳಲ್ಲ, ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಕೂಸಿಗೆ ಇನ್ನೂ ಮಾತು ನೆಟ್ಟಗೆ ಬರುತ್ತಿರಲಿಲ್ಲ. ಮದುವೆಯ ಮರುವರ್ಷವೇ ಗಂಡನನ್ನು ಕಳೆದುಕೊಂಡು ಬಂದಿದ್ದ ಗೌರಕ್ಕ ಅದನ್ನು ಎತ್ತಿಕೊಂಡಳು, ಆಮೇಲೆ ಇಳಿಸಲಿಲ್ಲ. ಚಿಗವ್ವ ಚಿಗವ್ವ ಎನ್ನುತ್ತ ಬೆಳೆದ ಆ ಹುಡುಗಿ ಈಗ ಧಾರವಾಡದ ಯುನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅಲ್ಲಿನ ಸಪ್ತಾಪುರ ಬಡಾವಣೆಯಲ್ಲಿ ಒಂದು ಮನೆಯ ಹಿಂದಿನ ಖೋಲಿಯನ್ನು ಗೆಳತಿ ರೋಹಿಣಿಯ ಜೊತೆ ಬಾಡಿಗೆ ಹಿಡಿದಿದ್ದಳು.

ಧಾರವಾಡದಲ್ಲಿ ಓದುವ ಸುತ್ತಲಿನ ಹಳ್ಳಿಯ ಮಕ್ಕಳಿಗೆ ಮುಂಜಾನೆಯ ಬಸ್ಸಿನಲ್ಲಿ ಬುತ್ತಿ ಹೋಗುವುದು ಹಳೆಯ ಪದ್ಧತಿ. ಮನೆಯವರು ರೊಟ್ಟಿ ಕಟ್ಟಿ ಬಸ್ಸಿನಲ್ಲಿಟ್ಟರೆ ಮಕ್ಕಳು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾರೆ. ಸಂಜೆ ಅದೇ ದಾರಿಯಲ್ಲಿ ತೊಳೆದ ಡಬ್ಬಿ ತಿರುಗಿ ಬರುತ್ತದೆ. ಲಾಕ್‌ಡೌನಿನಲ್ಲಿ ಬಸ್ಸು ನಿಂತುಹೋದ ಮೇಲೆ ಗೌರಕ್ಕ ಹಾಲಿನ ಗಾಡಿಯ ಇಲಿಯಾಸ್‌ನನ್ನು ಹಿಡಿದಳು. ಊರೆಲ್ಲ ಬಂದಾದರೂ ಹಾಲಿಗೆ ಬಂದ್ ಇರಲಿಲ್ಲ, ಅವನ ಗಾಡಿಗೆ ಪಾಸಿತ್ತು. ಮುಂಜಾನೆ ಅವನು ಸಪ್ತಾಪುರದ ಆ ಗೇಟಿಗೆ ಡಬ್ಬಿ ತೂಗುಹಾಕಿ ಹೋಗುತ್ತಿದ್ದ, ಸಂಜೆಯ ಸರತಿಯಲ್ಲಿ ಬಿಚ್ಚಿಕೊಂಡು ಬರುತ್ತಿದ್ದ.

ಆ ಡಬ್ಬಿ ಎಂದೂ ಬರಿದಾಗಿ ಬಂದದ್ದಿಲ್ಲ. “ಮಂದಿ ಮನಿ ಭಾಂಡೆ ಖಾಲಿ ತಿರುಗಿಸಬಾರದು ಬೇ. ಖಾಲಿ ಕೊಟ್ರ, ಇನ್ನ ಮುಂದ ನಿಮ್ಮ ಸಂಬಂಧ ಬ್ಯಾಡ ಅಂದಂಗ,” ಎಂದು ಗೌರಕ್ಕ ಕೂಸಿಗೆ ಕಲಿಸಿದ್ದಳು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಅಮೃತಾ ಅದನ್ನು ಚಾಚೂ ತಪ್ಪದೆ ನಡೆಸುತ್ತಿದ್ದಳು. ಒಂದು ದಿನ ಸಂಪಿಗೆ, ಒಂದು ದಿನ ಹುಣಸೆಬೋಟು, ಸ್ಕಾಲರ್‌ಶಿಪ್ ಬಂದ ದಿನ ಪೇಡೆ. ಚಿಗವ್ವನಿಗೆ ಸಕ್ಕರೆ ಬೇನೆ ಇದ್ದುದರಿಂದ ಸಕ್ಕರೆ ಹಾಕಿದರೆ ನಾಲ್ಕೇ ಕಾಳು. ಸಂಜೆ ಹಾಲಿನ ಗಾಡಿಯ ಹಾರ್ನ್ ಕೇಳಿದರೆ ಗೌರಕ್ಕ ಮಕ್ಕಳಂತೆ ಎದ್ದು ಓಡುತ್ತಿದ್ದಳು. ದಿನದ ಉಳಿದ ಹೊತ್ತು ಆ ಮನೆಯಲ್ಲಿ ಅವಳ ಬಾಯಿಗೂ ಕೆಲಸವಿರಲಿಲ್ಲ.

ಒಂದು ದಿನ ಅಗಸಿಯಲ್ಲಿ ರೇಶನ್ನಿನ ಸರತಿ ನಿಂತಿದ್ದಾಗ ಅಮೃತಾಳ ಫೋನ್ ಬಂತು.

“ಚಿಗವ್ವಾ, ರೋಹಿಣಿನೂ ಊರಿಗೆ ಹ್ವಾದ್ಲು. ಖೋಲ್ಯಾಗ ಒಬ್ಬಾಕೀನ ಆಗೇನಿ. ಬರ್ಲೇನು?”

ಗೌರಕ್ಕನ ಎದೆ ‘ಬಾ’ ಎಂದಿತು. ಆದರೆ ಸರತಿಯಲ್ಲಿ ಮರಿಯಮಬಿ ನಿಂತಿದ್ದಳು, ಹಲಗೆಯ ಮೇಲೆ ತನ್ನದೇ ಅಕ್ಷರವಿತ್ತು. ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು: “ಹೆಂಗ ಬರ್ತಿ? ಎಲ್ಲಾರಿಗೊಂದು, ನಿನಗೊಂದು ರೂಲ್ಸ್ ಮಾಡಾಕ ಬರ್ತೈತೇನು? ಅಲ್ಲೇ ಇರು. ಬುತ್ತಿ ಕಳಸ್ತೀನಿ.”

“ಆತು ಬಿಡು,” ಎಂದು ಅಮೃತಾ ಫೋನ್ ಇಟ್ಟಳು.

ಮನೆಗೆ ಹೋಗಿ ಫೋನ್ ಮಾಡಿ ಮೆತ್ತಗೆ ನಾಲ್ಕು ಮಾತಾಡಬೇಕೆಂದು ಗೌರಕ್ಕ ಅಂದುಕೊಂಡಳು. ಮಾಡಲಿಲ್ಲ. ತಾನೇ ಮೊದಲು ಮಾಡಿದರೆ ಸೋತಂತೆ ಎಂಬ ಹುಚ್ಚು ಹಟ. ಅವಳು ಬೆಳೆಸಿದ ಹುಡುಗಿಗೆ ಅದೇ ಹಟ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನು? ಅಲ್ಲಿಂದ ಇಬ್ಬರ ನಡುವೆ ಫೋನಿಲ್ಲ, ಡಬ್ಬಿ ಮಾತ್ರ ಓಡಾಡಿತು. ಮೊದಲ ಸಂಜೆ ಹೆದರುತ್ತಲೇ ಮುಚ್ಚಳ ತೆಗೆದಳು. ಒಳಗೆ ಕರಿಬೇವಿನ ಒಂದು ಎಸಳಿತ್ತು. “ಸಿಟ್ಟ ಇಳದೈತಿ,” ಎಂದು ಗೋಡೆಗೆ ಹೇಳಿದಳು.

ಆಮೇಲೊಂದು ಸಂಜೆ ಡಬ್ಬಿ ಖಾಲಿ ಬಂತು.

ಮೂರೂ ಖಾನೆ ಬಿಚ್ಚಿ ನೋಡಿದಳು. ಬುಡಮೇಲು ಮಾಡಿ ತಟ್ಟಿದಳು. ಏನೂ ಇಲ್ಲ, ಒಂದು ಕಾಳು ಸಕ್ಕರೆಯೂ ಇಲ್ಲ. ಬಿಸಿನೀರು ಸೋಪಿನ ವಾಸನೆ ಮಾತ್ರ. ಇಷ್ಟು ಚೊಕ್ಕಟ ತೊಳೆದು ಖಾಲಿ ಕಳಿಸಬೇಕಾದರೆ ಒಳಗೆ ಎಷ್ಟು ಸಿಟ್ಟಿರಬೇಕು! ‘ನಾ ಕಲಿಸಿದ ಪಾಠ ನನಗೇ ಓದಿಸಿದಳು’ ಎಂದು ಗೌರಕ್ಕನಿಗೆ ಉರಿದುಹೋಯಿತು. ಉರಿಯ ಕೆಳಗೆ ಅಳು ಇತ್ತು. ಅದನ್ನು ಒಪ್ಪಿಕೊಳ್ಳುವ ಹೆಂಗಸು ಅವಳಲ್ಲ.

ಮರುದಿನ ಒಲೆಯ ಮೇಲೆ ಹಂಚು ಏರಲಿಲ್ಲ. ಇಲಿಯಾಸ್ ಮುಳ್ಳಿನಾಚೆ ನಿಂತು ಹಾರ್ನ್ ಹೊಡೆದ.

“ಅಕ್ಕಾರ, ಬುತ್ತಿ?”

“ಇವತ್ತಿಲ್ಲ. ನಾಳೇನೂ ಇಲ್ಲ. ಹೋಗ ನೀ.”

“ಯಾಕ್ರೀ, ಆರಾಮ ಇಲ್ಲೇನ್ರಿ?”

“ಹೋಗಂದ್ರ ಹೋಗಲೇ!”

ಅವನು ಹೋದ. ಅವಳಿಗೂ ಅನ್ನ ಸೇರಲಿಲ್ಲ. ಮರುದಿನವೂ ಹಾಗೇ ಕಳೆಯಿತು. ಡಬ್ಬಿಯನ್ನು ಅಟ್ಟದ ಮೇಲೆ ಕಣ್ಣಿಗೆ ಬೀಳದಂತೆ ಇಟ್ಟಳು. ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನವೇ ಹಾಲಿನ ಗಾಡಿ ಬಂದು ನಿಂತಿತು. ಇಲಿಯಾಸ್ ಕೆಳಗಿಳಿದು ಮಾಸ್ಕ್ ಸರಿಮಾಡಿಕೊಂಡ. ಎರಡು ಮಕ್ಕಳ ತಂದೆ ಅವನು, ಯಾರಾದರೂ ಹಸಿದಿದ್ದಾರೆ ಎಂದರೆ ತಡೆಯುವವನಲ್ಲ.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಬುತ್ತಿ ಇಲ್ದ ಹುಡುಗಿ ಏನ್ ತಿಂತೈತಿ ಅಂತ ಇವತ್ತ ಗೇಟಿನ ಮಟ ಹ್ವಾದೆ. ಗೇಟಿಗೆ ಕೆಂಪ ಪಟ್ಟಿ ಕಟ್ಯಾರ್ರಿ. ಅಕೀಗೆ ಪಾಸಿಟಿವ್ ಬಂದೈತಿ.”

ಗೌರಕ್ಕ ಹಲಗೆ ಹಿಡಿದುಕೊಂಡಳು.

“ಕಿಡಕ್ಯಾಗಿಂದ ಮಾತಾಡಿದ್ಲು. ಚಿಗವ್ವಗ ಹೇಳಬ್ಯಾಡ ಅಂದ್ಲು. ನಾ ಹ್ಯಾಂಗ ಸುಮ್ಮಿರ್ಲಿ? ‘ಆವತ್ತ ಡಬ್ಬಿ ಕುದಿಯೋ ನೀರಾಗ ತೊಳದೀನಿ, ಅದರಾಗ ಏನೂ ಇಟ್ಟಿಲ್ಲ, ನಾ ಮುಟ್ಟಿದ್ದ ಚಿಗವ್ವನ ಬಾಯಿಗೆ ಹೋಗಬಾರದು, ಅಕೀಗೆ ಮೊದಲ ಸಕ್ಕರಿ ಬ್ಯಾನಿ ಐತಿ’ ಅಂದ್ಲು. ನೀವೂ ಆರಾಮ ಇಲ್ಲೇನೋ, ಅದಕ್ಕ ಬುತ್ತಿ ಬರವಲ್ದು ಅಂತ ಅಳಾಕತ್ತಿದ್ಲು. ಮೊನ್ನೆಯಿಂದ ಬಿಸ್ಕಿಟ್ ತಿಂದಾಳ್ರಿ.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತ ಬಂದವಳು ಗೌರಕ್ಕ. ಅಲ್ಲೇ ನಿಂತು ಫೋನ್ ಮಾಡಿದಳು. ಮೊದಲು ಕೆಮ್ಮು ಕೇಳಿಸಿತು, ಆಮೇಲೆ ದನಿ.

“ಯಾಕ ಹೇಳಲಿಲ್ಲ ಬೇ ನನಗ?”

“ಹೇಳಿದ್ರ ನೀ ಮುಳ್ಳ ಕಿತ್ತೊಗದ ಬರ್ತಿದ್ದಿ. ಇಲ್ಲಾ ಬರ್ತಿರಲಿಲ್ಲ. ನನಗ ಎರಡೂ ಬ್ಯಾಡಾಗಿತ್ತು ಚಿಗವ್ವಾ.”

ಮಾತಿಗೆ ಮಾತು ಕೂಡಿಸುವುದರಲ್ಲಿ ಹೆಸರಾದ ಹೆಂಗಸು ಮೂಗು ಒರೆಸಿಕೊಂಡಳು. “ಬಂದಬಿಡು. ನಾ ಎಲ್ಲಾರಿಗೂ ಹೇಳ್ತೀನಿ,” ಎಂದಳು.

“ಈಗ ಹೆಂಗ ಬರ್ಲಿ? ಪಟ್ಟಿ ಕಟ್ಯಾರ.”

ಸಂಜೆ ಟಿ.ವಿ.ಯಲ್ಲಿ ಎಂದಿನಂತೆ ಸಂಖ್ಯೆ ಹೇಳಿದರು. ಗೌರಕ್ಕ ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮುಂದೆ ನಿಂತಳು. ಇಷ್ಟು ದಿನ ತಾನು ಗುಂಡಗೆ ಬರೆದದ್ದೆಲ್ಲ ಯಾರದೋ ಮನೆಯ ಹಿಂದಿನ ಖೋಲಿಗಳು, ಬಿಸ್ಕಿಟ್ ತಿಂದು ಮಲಗಿದವರು. ಕಡ್ಡಿಯನ್ನು ಕೆಳಗಿಟ್ಟಳು.

“ಇವತ್ತ ಎಷ್ಟ ಗೌರಕ್ಕಾ?” ಎಂದ ಶಂಭುಲಿಂಗಪ್ಪ.

“ಗೊತ್ತಿಲ್ಲೋ ಯಪ್ಪಾ. ಹಿಂದ ನಾ ಬರದದ್ದರಾಗ ಒಂದ ನಮ್ಮ ಅಮೃತಾ.”

ಶಂಭುಲಿಂಗಪ್ಪ ಗಂಟಲು ಸರಿಮಾಡಿಕೊಂಡು, “ಅಕೀನ ಕರಸಿ ಶಾಲಿ ಖೋಲ್ಯಾಗ ಇಡೂಣು. ಯಾರ ಕೇಳ್ತಾರ?” ಎಂದ. ಕೊಡ ಹೊತ್ತು ಹೊರಟಿದ್ದ ಮರಿಯಮಬಿ ನಿಂತಳು. “ಹೆಂಗರ ಮಾಡಿ ಕರಕೊಂಡ ಬಾರವಾ. ನಾ ಏನೂ ಅನ್ನೂದಿಲ್ಲ,” ಎಂದಳು.

ಅವಳು ನಾಲ್ಕು ಬೈದಿದ್ದರೆ ಗೌರಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳುವುದು ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಗೆ ನಡೆದಳು. ಹಲಗೆಯಲ್ಲಿ ಸಂಖ್ಯೆಯ ಜಾಗ ಆ ಸಂಜೆ ಖಾಲಿ ಉಳಿಯಿತು, ಆಮೇಲೂ ಅಲ್ಲಿ ಅವಳು ಏನೂ ಬರೆಯಲಿಲ್ಲ.

ಮರುದಿನ ಇಲಿಯಾಸ್‌ನ ಕೈಯಲ್ಲಿ ಮೆತ್ತನೆಯ ಅನ್ನ, ಹೆಸರುಬೇಳೆ ಕಟ್ಟು, ಬೆಳ್ಳುಳ್ಳಿ ಹಾಕಿದ ಸಾರು ಹೋಯಿತು. ಸಂಜೆ ಡಬ್ಬಿ ಕೈಗೆ ಬಂದಾಗ ಭಾರವಿತ್ತು. ಮುಚ್ಚಳ ತೆಗೆದರೆ ಅನ್ನ ಅನ್ನದಂತೆಯೇ, ಸಾರು ಸಾರಿನಂತೆಯೇ.

“ಹೊರಗ ಬಂದಿಲ್ರಿ ಅಕಿ,” ಎಂದ ಇಲಿಯಾಸ್. “ಗೇಟಿನ್ಯಾಗ ಹಂಗ ತೂಗಾಡಾಕತ್ತಿತ್ತು. ಮಾಲಕರು ಕಿಡಕ್ಯಾಗ ಹಣಿಕಿ ನೋಡ್ಯಾರಂತ. ಮಲಗ್ಯಾಳಂತ.”

ಗೌರಕ್ಕ ಮಾಡಿದ ಫೋನ್ ಆ ಕಡೆ ಬಡಿದುಕೊಂಡಿತು, ಎತ್ತುವವರಿರಲಿಲ್ಲ. ಖಾಲಿ ಡಬ್ಬಿಗೆ ಸಿಟ್ಟಾದವಳು ಈಗ ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಊಟ ಮಾಡದ ಮಗುವಿನ ಮುಂದೆ ಕೂತು ಎರಡು ಬೈದು ಒಂದು ತುತ್ತು ಬಾಯಿಗಿಡಬಹುದು. ಆದರೆ ನಡುವೆ ಮುಳ್ಳಿದೆ, ಕಲಘಟಗಿಯ ತಪಾಸಣಾ ನಾಕೆಯಿದೆ, ಪೊಲೀಸರಿದ್ದಾರೆ, ಕೆಂಪು ಪಟ್ಟಿಯಿದೆ. ಮೊದಲನೆಯದನ್ನು ತಾನೇ ಹಾಕಿದ್ದು. ಅವಳಿಗೆ ತನ್ನ ಮನೆ ಇಷ್ಟು ದೊಡ್ಡದೆಂದು ಎಂದೂ ಅನಿಸಿರಲಿಲ್ಲ.

ಮತ್ತೆ ಮುಂಜಾನೆ ಡಬ್ಬಿ ಕಟ್ಟಿ ಕಳಿಸಿದಳು. ದಿನವಿಡೀ ಅಗಸಿಯ ಕಲ್ಲಿನ ಮೇಲೆ ಕೂತಳು. ಮರಿಯಮಬಿ ಒಂದು ತಂಬಿಗೆ ನೀರು ದೂರದಲ್ಲಿಟ್ಟು ಹೋದಳು. ಸಂಜೆ ಹಾರ್ನ್ ಕೇಳಿದಾಗ ಗೌರಕ್ಕನಿಗೆ ಏಳುವ ಧೈರ್ಯವಾಗಲಿಲ್ಲ. ಇಲಿಯಾಸ್‌ನೇ ಡಬ್ಬಿಯನ್ನು ಮುಳ್ಳಿನ ಮೇಲಿಂದ ಚಾಚಿದ.

ಹಗುರವಿತ್ತು.

ಬಿಚ್ಚಿದಳು. ಮೂರೂ ಖಾನೆ ಖಾಲಿ. ಹೂವಿಲ್ಲ, ಎಲೆಯಿಲ್ಲ, ಸಕ್ಕರೆಯಿಲ್ಲ. ಬಿಸಿನೀರಿನ ವಾಸನೆ. ಎದ್ದು ನಿಂತು ನೀರು ಕಾಯಿಸುವಷ್ಟು ಶಕ್ತಿ ಬಂದಿದೆ, ಎದ್ದು ಉಂಡಿದ್ದಾಳೆ. ಗೌರಕ್ಕ ಡಬ್ಬಿಯನ್ನು ಎದೆಗೊತ್ತಿಕೊಂಡು ಬೀದಿಯಲ್ಲೇ ಅತ್ತಳು. ಅಂಥ ಖಾಲಿ ಡಬ್ಬಿ ಆ ಊರಿಗೆ ಎಂದೂ ಬಂದಿರಲಿಕ್ಕಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಳು. ಸಕ್ಕರೆ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮೇಲಿನ ಖಾನೆಗೆ ಹಾಕಿದಳು. ಮುಚ್ಚಳ ಮುಚ್ಚಿ ತುಸು ಹೊತ್ತು ಬಿಟ್ಟು ತೆಗೆದಳು. ಆ ಸಕ್ಕರೆಯನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಅದು ಇನ್ನೂ ಕರಗುತ್ತಿರುವಾಗಲೇ ಫೋನ್ ಬಂತು. ದನಿ ಬಾವಿಯೊಳಗಿಂದ ಬಂದಂತಿತ್ತು.

“ಚಿಗವ್ವಾ, ಡಬ್ಬಿ ಮುಟ್ಟಿತೇನು?”

“ಮುಟ್ಟೇತಿ.”

“ಖಾಲಿ ಕಳಿಸೀನಿ. ಸಿಟ್ಟಾಗಬ್ಯಾಡ.”

“ಯಾರಂದ್ರು ಖಾಲಿ ಅಂತ?” ಎಂದಳು ಗೌರಕ್ಕ. “ಸಕ್ಕರಿ ಇತ್ತಲ್ಲ. ತಿಂದೆ.”

“ನಿನಗ ಸಕ್ಕರಿ ಬ್ಯಾನಿ ಐತಿ,” ಎಂದಳು ಅಮೃತಾ. “ನಾಲ್ಕ ಕಾಳ ಅಷ್ಟ ತಿನ್ನು.”