ಸಿಹಿ ರಕ್ತ

“ಇದೇನ್ ಆಂಟಿ, ರಕ್ತಾನಾ, ಜಾಮೂನ್ ಪಾಕಾನಾ? ಹೀರೋ ಹೊಡೆದ್ರೆ ಹೊಟ್ಟೆಯಿಂದ ರಕ್ತ ಬರ್ಬೇಕು, ಎಳನೀರಲ್ಲ. ತಲೇಲಿ ಏನ್ ತುಂಬ್ಕೊಂಡಿದೀರ, ಸಗಣೀನಾ?”

ಡೈರೆಕ್ಟರ್ ಚಿರಂತ್ ಮಗ್ಗಿನಲ್ಲಿ ಅದ್ದಿದ ಬೆರಳನ್ನು ನೀಲಗಂಗಮ್ಮನ ಸೆರಗಿಗೇ ಒರೆಸಿ ಹೋದ. ಜಯನಗರದ ಹುಡುಗ. ಬೆಳ್ಳುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯವನು. ರಕ್ತದ ವಿಷಯದಲ್ಲಿ ಮಾತ್ರ ಬಲು ರಸಿಕ.

ನೀಲಗಂಗಮ್ಮ ಒಲೆಯ ಮೇಲಿನ ಪಾತ್ರೆಗೆ ಇನ್ನೆರಡು ಹಿಡಿ ಮೈದಾ ಸುರಿದಳು. ಸಕ್ಕರೆ ಪಾಕ, ಮೈದಾ, ಕೆಂಪು ಬಣ್ಣ, ಚಿಟಿಕೆ ಕಾಫಿಪುಡಿ. ಇಷ್ಟೇ ಅವಳ ರಕ್ತ. ದಿನಕ್ಕೆ ಅರವತ್ತು ಲೀಟರ್ ಬೇಕು. ಫೈಟರುಗಳು ಬಾಯಿಂದ ಉಗುಳುವುದೂ ಇದನ್ನೇ ಆದ್ದರಿಂದ ಹಳಸಿರಬಾರದು. ಬೆರಳಿಗೆ ಹತ್ತಿದ್ದನ್ನು ನಾಲಗೆಗಿಟ್ಟು ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಸಿಹಿಯಿದ್ದರೆ ಸರಿ.

ಅಂಜನಾಪುರದ ಈ ತಗಡಿನ ಶೆಡ್ಡು ಅವಳಿಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಇದು ಗಾರ್ಮೆಂಟ್ಸ್ ಆಗಿತ್ತು, ಅವಳು ಇಲ್ಲೇ ಕಾಲರ್ ಹೊಲಿಯುತ್ತಿದ್ದಳು. ಒಂದು ದಿನ ಮಿಷನ್ ಸೂಜಿ ಬೆರಳಿಗೆ ಹೊಕ್ಕು ಬಿಳಿ ಕಾಲರಿನ ಮೇಲೆ ಒಂದು ತೊಟ್ಟು ರಕ್ತ ಬಿತ್ತು. ಸೂಪರ್‌ವೈಸರ್ ಇಡೀ ಲೈನು ನಿಲ್ಲಿಸಿ ಅವಳ ಹೆತ್ತವರನ್ನೆಲ್ಲ ಬೀದಿಗೆಳೆದು ಬೈದಿದ್ದ. ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತೇ ಕೇಳಿದ್ದಳು. ಆ ಉಪ್ಪು ನಾಲಗೆಗೆ ಇನ್ನೂ ನೆನಪಿದೆ. ಆಗ ಒಂದು ತೊಟ್ಟು ಹೆಚ್ಚಾಗಿತ್ತು, ಈಗ ಅದೇ ನೆಲಕ್ಕೆ ಅರವತ್ತು ಲೀಟರ್ ಸಾಲುತ್ತಿಲ್ಲ.

ಅವಳ ಗಂಡ ದ್ಯಾಮಣ್ಣ ಇದೇ ಶೆಡ್ಡಿನಲ್ಲಿ ದಿನವೂ ಸಾಯುತ್ತಿದ್ದ. ಅವನದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಬನಶಂಕರಿಯಲ್ಲಿ ಕೂಲಿಗಳು ಬೆಳಿಗ್ಗೆ ಕಾಯುತ್ತ ನಿಲ್ಲುವ ಜಾಗಕ್ಕೆ ಅಸಿಸ್ಟೆಂಟ್ ಮಯೂರ್ ಟೆಂಪೋ ತಂದು, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಮುಖಗಳನ್ನು ಆರಿಸಿದ್ದ. “ನೀನ್ ಬೇಡಪ್ಪ, ಬೆಳ್ಳಗಿದೀಯ. ಏಯ್ ಕರಿಯ, ನೀನ್ ಹತ್ತು. ಇವನಿಗೆ ಮೇಕಪ್ಪೇ ಬೇಡ ಗುರು, ಹುಟ್ಟಾ ರೌಡಿ!” ಹುಟ್ಟಿದಾರಭ್ಯ ಬೀದಿನಾಯಿಗೂ ಕಲ್ಲೆಸೆಯದ ದ್ಯಾಮಣ್ಣ, ಹೀಗೆ ಎಂಬತ್ತು ಜನ ರೌಡಿಗಳಲ್ಲಿ ಒಬ್ಬನಾದ.

ಆದ ಮೇಲೆ ಅವನ ಜಂಬ ಹೇಳತೀರದು. ಹೆಣವಾಗಿ ಬಿದ್ದರೆ ರೆಪ್ಪೆ ಅಲುಗಿಸುತ್ತಿರಲಿಲ್ಲ. ಸಿಹಿಗೆ ಮುತ್ತಿದ ಇರುವೆಗಳು ಕಿವಿಯೊಳಗೆ ಇಳಿದರೂ ಅಲ್ಲಾಡುತ್ತಿರಲಿಲ್ಲ. “ದ್ಯಾಮಣ್ಣನ ತರ ಸಾಯ್ರೋ ಲೋಫರ್‌ಗಳಾ!” ಎಂದು ಮೈಕಿನಲ್ಲಿ ಕೂಗಿಸಿಕೊಂಡವನು. ಅವನ ಕಷ್ಟ ನೋಡಲಾರದೆ ನೀಲಗಂಗಮ್ಮ ಇರುವೆ ಓಡಿಸುವ ಸೀಮೆಸುಣ್ಣ ತಂದು, ಕ್ಯಾಮೆರಾಕ್ಕೆ ಕಾಣದಂತೆ ಹೆಣಗಳ ಸುತ್ತ ಗೆರೆ ಎಳೆಯುತ್ತಿದ್ದಳು. ಗಂಡನ ಸುತ್ತ ಎರಡು ಗೆರೆ.

ಸುಳ್ಳು ಯಾಕೆ, ಅವಳಿಗೂ ಈ ಫೈಟು ಇಷ್ಟವೇ. ಹೀರೋ ಸುತ್ತಿಗೆ ಎತ್ತಿದಾಗ ಎದೆ ಝಲ್ಲೆನ್ನುತ್ತಿತ್ತು. ಎದುರಿಗಿದ್ದವನಿಗೆ ಮನಸ್ಸಿನಲ್ಲೇ ಸೂಪರ್‌ವೈಸರನ ಮುಖ ಅಂಟಿಸಿ, ‘ಹಾಕು, ಇನ್ನೊಂದ್ ಹಾಕು’ ಎನ್ನುತ್ತಿದ್ದಳು. ಹೀರೋ ಬಡವರ ಪರ. ಆದರೆ ಅವನ ಸುತ್ತಿಗೆಗೆ ಸಿಕ್ಕು ಸಾಯುವ ಎಂಬತ್ತು ಜನರೂ ಕೂಲಿಗೆ ನಿಂತಿದ್ದವರೇ. ಫ್ಯಾಕ್ಟರಿ ಮಾಲೀಕನ ಪಾತ್ರದವನು ಕೊನೆಯಲ್ಲಿ ಒಂದೇ ಗುಂಡಿಗೆ, ಕೋಟಿನ ಇಸ್ತ್ರಿ ಕೆಡದಂತೆ ಸಾಯುತ್ತಾನೆ.

ಅವತ್ತು ಮಧ್ಯಾಹ್ನ ದ್ಯಾಮಣ್ಣನದೇ ಶಾಟು. ಸುತ್ತಿಗೆ ರಬ್ಬರಿನದು. ಏಟು ಬಿದ್ದ ತಕ್ಷಣ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ನಾಲ್ಕು ಜನ ಹಿಂದಕ್ಕೆ ಜಗ್ಗಬೇಕು, ಅವನು ಹಾರಿ ಹಾಸಿಗೆಯ ಮೇಲೆ ಬೀಳಬೇಕು.

“ಹಾಸಿಗೆ ಫ್ರೇಮಲ್ಲಿ ಕಾಣ್ತಿದೆ, ಎಳೀರಿ ಆಚೆಗೆ,” ಎಂದ ಚಿರಂತ್.

“ಸಾರ್, ಹಿಂದ್ಗಡೆ ಕಾಂಕ್ರೀಟ್ ಕಟ್ಟೆ ಐತೆ,” ಎಂದ ಹಗ್ಗ ಹಿಡಿದವನೊಬ್ಬ.

“ನಿನ್ ತಲೆ ಅಲ್ವಲ್ಲ, ಎಳಿ.”

ಎಳೆದರು. ಏಟು ಬಿತ್ತು, ಹಗ್ಗ ಜಗ್ಗಿದರು, ದ್ಯಾಮಣ್ಣ ಹಾರಿದ. ಎಳನೀರು ಕೆತ್ತಿದಂಥ ಒಂದು ಸದ್ದು ಬಂತು.

“ಕಟ್! ಫೈರ್ ದ್ಯಾಮಣ್ಣ, ಫೈರ್!” ಚಿರಂತ್ ಮೈಕಿನಲ್ಲಿ ಕೂಗಿ ಕುಣಿದಾಡಿಬಿಟ್ಟ. ಮಾನಿಟರಿನಲ್ಲಿ ಅದನ್ನೇ ನಿಧಾನವಾಗಿ ಮೂರು ಸಲ ಓಡಿಸಿದರು. ಹೀರೋ ಕೂಲಿಂಗ್ ಗ್ಲಾಸ್ ತೆಗೆದು ಶಿಳ್ಳೆ ಹೊಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡನ ಹೆಸರು ಮೈಕಿನಲ್ಲಿ ಕೇಳಿ ನೀಲಗಂಗಮ್ಮನೂ ತಟ್ಟಿದಳು.

ಮುಂದಿನ ಶಾಟು ಹೀರೋ ಹೆಣಗಳ ನಡುವೆ ನಡೆದು ಬರುವುದು. ತಯಾರಿ ನಡೆದಿರುವಾಗ ಮಯೂರ್ ಓಡಿ ಬಂದ. “ಆಂಟಿ, ಆ ಕಟ್ಟೆ ಹತ್ರದ ಬಾಡೀಲಿ ರಕ್ತ ಡಲ್ ಹೊಡೀತಿದೆ, ಕಪ್ಪಗಾಗಿದೆ. ಬೇಗ ಟಚಪ್ ಕೊಡಿ.”

ಮಗ್ಗು, ಸೀಮೆಸುಣ್ಣ ಹಿಡಿದು ಹೋದಳು. ದ್ಯಾಮಣ್ಣ ಅಂಗಾತ ಬಿದ್ದಿದ್ದ. ಅವಳು ಎರಡು ಗೆರೆ ಎಳೆದು, ಪಿಸುಮಾತಿನಲ್ಲಿ, “ಸಾಕು ಕಣಯ್ಯ, ಕ್ಯಾಮ್ರಾ ಆಫ್ ಆಗೈತೆ, ಕಣ್ಬುಡು,” ಎಂದಳು. ಬಿಡಲಿಲ್ಲ. “ಒಸಿ ಹೊಗಳಿದ್ದಕ್ಕೇ ಇಷ್ಟೊಂದ್ ಧಿಮಾಕಾ?” ಎಂದು ನಗುತ್ತ, ತಲೆಯ ಹಿಂದಿನ ಕಪ್ಪು ಅಂಟನ್ನು ಮುಟ್ಟಿ, ಎಂದಿನಂತೆ ಬೆರಳನ್ನು ನಾಲಗೆಗಿಟ್ಟಳು.

ಉಪ್ಪು.

“ಅಯ್ಯೋ! ಇದು ನಂದಲ್ಲ! ಇದು ನಾನ್ ಮಾಡಿದ್ ರಕ್ತ ಅಲ್ಲ!” ಎಂದು ಚೀರಿದಳು. ಮೂಗಿನ ಹತ್ತಿರ ಕೈ ಹಿಡಿದಳು. ಉಸಿರು ಸಣ್ಣಗೆ ಆಡುತ್ತಿತ್ತು.

ಚಿರಂತ್ ಬಂದು ಬಗ್ಗಿ ನೋಡಿದ. ಮುಖ ಬಿಳಚಿತು, ಮರುಗಳಿಗೆ ಶೆಡ್ಡಿನ ಬಾಗಿಲಾಚೆ ಆಕಾಶ ನೋಡಿದ. “ಐದು ಗಂಟೆಗೆ ಲೈಟ್ ಹೋಗುತ್ತೆ. ಹತ್ತೇ ನಿಮಿಷ ಆಂಟಿ, ಒಂದೇ ಶಾಟ್. ಬಾಡಿ ಎತ್ತಿದ್ರೆ ಕಂಟಿನ್ಯುಟಿ ಹೋಗುತ್ತೆ, ಹಿಂದಿನ ಶಾಟ್‌ಗೆ ಹೊಂದಲ್ಲ.”

“ಬಾಡಿ ಅಲ್ಲ ಕಣೋ ಬೋಳೀಮಗನೆ, ನನ್ ಗಂಡ! ಅಲ್ಲಿ ಆಂಬುಲೆನ್ಸ್ ನಿಂತೈತಲ್ಲ, ಅದ್ರಾಗೆ ಹಾಕ್ರಿ!”

“ಅದು ಡಮ್ಮಿ ಆಂಟಿ, ಪ್ರಾಪರ್ಟಿ ಗಾಡಿ,” ಎಂದ ಮಯೂರ್. “ಒಳಗೆ ಹೀರೋ ಜಿಮ್ ಸಾಮಾನಿದೆ. ಅದು ಮುಂದಿನ ಸೀನಲ್ಲಿ ಬ್ಲಾಸ್ಟ್ ಆಗ್ಬೇಕು.”

ಹೀರೋ ಎರಡು ಹೆಜ್ಜೆ ಹಿಂದೆ ಸರಿದ. “ಪಾಪ, ನೋಡ್ಕೊಳಿ. ನನ್ ಶರ್ಟ್‌ಗೆ ಮಾತ್ರ ತಾಗಿಸ್ಬೇಡಿ, ಇದೇ ಶರ್ಟಲ್ಲಿ ಇನ್ನೂ ಸಾಂಗ್ ಇದೆ.”

ನೀಲಗಂಗಮ್ಮ ಎದ್ದಳು. ಒಲೆಯ ಹತ್ತಿರ ಹೋಗಿ, ಕುದಿಯುತ್ತಿದ್ದ ರಕ್ತದ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದೆತ್ತಿದಳು. ನೆಟ್ಟಗೆ ಕ್ಯಾಮೆರಾದ ಬಳಿ ನಡೆದು, ಅದರ ನೆತ್ತಿಯ ಮೇಲೆ ಪಾತ್ರೆಯನ್ನು ಓರೆ ಹಿಡಿದಳು. ಒಂದು ತೊಟ್ಟು ಲೆನ್ಸಿನ ಪಕ್ಕಕ್ಕೆ ಬಿತ್ತು. ಚಿರಂತನ ಬಾಯಿಂದ ಹೊರಟ ಚೀತ್ಕಾರ ದ್ಯಾಮಣ್ಣನಿಗಾಗಿ ಹೊರಟಿರಲಿಲ್ಲ.

“ಆಂಟೀ! ಅದರ ರೇಟ್ ಗೊತ್ತಾ ನಿಮಗೆ?”

“ಗೊತ್ತಿಲ್ಲ. ನನ್ ಗಂಡಂದು ನಿಂಗ್ ಗೊತ್ತಾ? ಗಾಡಿ ಬುಡು, ಇಲ್ದಿದ್ರೆ ಹುಯ್ದುಬುಡ್ತೀನಿ.”

ಆಗ ನೆಲದ ಮೇಲಿನ ಹೆಣವೊಂದು ಎದ್ದು ಕೂತಿತು. ಅದರ ಪಕ್ಕದ್ದು ಎದ್ದು ನಿಂತಿತು. ಕುತ್ತಿಗೆ ಕುಯ್ಯಿಸಿಕೊಂಡವನು, ಕರುಳು ಜೋತವನು, ಎದೆಗೆ ಕೊಡಲಿ ನೆಟ್ಟವನು, ಎಲ್ಲರೂ ಎದ್ದು ಹೀರೋನ ಪಕ್ಕದಲ್ಲೇ ಹಾದು ಬಂದರು. ಹೀರೋ ಸುತ್ತಿಗೆ ಎತ್ತಲಿಲ್ಲ. ಡಂಬೆಲ್ಲುಗಳನ್ನು ಹೊರಗೆಸೆದು ದ್ಯಾಮಣ್ಣನನ್ನು ಗಾಡಿಯೊಳಗೆ ಮಲಗಿಸಿದರು. ಟೆಂಪೋ ಓಡಿಸುತ್ತಿದ್ದ ಸಂಜೀವಯ್ಯ ಸ್ಟೀರಿಂಗ್ ಹಿಡಿದ. ನೀಲಗಂಗಮ್ಮ ಪಾತ್ರೆ ಕೆಳಗಿಟ್ಟು ಹತ್ತಿದಳು. ಸುಟ್ಟ ಅಂಗೈ ಆಗ ಉರಿಯತೊಡಗಿತು.

ಆ ಗಾಡಿಗೆ ಸೈರನ್ ಕೂಡ ಇರಲಿಲ್ಲ, ಅದನ್ನು ಡಬ್ಬಿಂಗಿನಲ್ಲಿ ಹಾಕುತ್ತಾರಂತೆ. ಕನಕಪುರ ರಸ್ತೆಯಲ್ಲಿ ಯಾರೂ ದಾರಿ ಬಿಡಲಿಲ್ಲ. ಹತ್ತಿದ್ದ ಆರು ಹೆಣಗಳು ಕಿಟಕಿಯಿಂದ ತಲೆ ಹಾಕಿ ‘ಊಂ... ಊಂ...’ ಎಂದು ಬಾಯಲ್ಲೇ ಸೈರನ್ ಕೂಗಿದವು. ಪಕ್ಕದ ಬೈಕಿನವನು ಹೆಬ್ಬೆರಳೆತ್ತಿ, “ಸಖತ್ ಅಣ್ಣ! ಯಾವ್ ಪಿಕ್ಚರ್?” ಎಂದ.

ಆಸ್ಪತ್ರೆ ಬಾಗಿಲಲ್ಲಿ ಎಮರ್ಜೆನ್ಸಿ ಕೌಂಟರಿನ ಶಶಿಕಾಂತ್ ಕೈ ಅಡ್ಡ ಹಿಡಿದ. ಎದೆಗೆ ಕೊಡಲಿ ನೆಟ್ಟವನೊಬ್ಬ ಗಾಯಾಳುವಿನ ಕಾಲು ಹಿಡಿದು ಓಡಿ ಬರುತ್ತಿದ್ದರೆ ಅವನಾದರೂ ಏನು ಮಾಡಿಯಾನು? ನಕ್ಕ. “ಶೂಟಿಂಗ್‌ಗೆ ಪರ್ಮಿಷನ್ ಇದೆಯೇನ್ರಿ?”

“ಶೂಟಿಂಗ್ ಅಲ್ಲ ಸಾರ್, ನಿಜವಾಗ್ಲೂ ತಲೆ ಒಡೆದೈತೆ. ಡಾಕ್ಟರ್‌ನ ಕರೀರಿ.”

“ಚೆನ್ನಾಗಿ ಆಕ್ಟ್ ಮಾಡ್ತೀರಮ್ಮ.” ಅವನು ಮೊಬೈಲ್ ತೆಗೆದ. ಹಿಂದೆ ಸರದಿಗೆ ಕಾಯುತ್ತ ಕೂತಿದ್ದವರೂ ಎದ್ದು ಬಂದು ಮೊಬೈಲ್ ಹಿಡಿದರು. “ಮೇಕಪ್ ನೋಡ್ರಿ, ಎಷ್ಟು ನ್ಯಾಚುರಲ್ಲು! ಕ್ಯಾಮೆರಾ ಎಲ್ಲಿ ಬಚ್ಚಿಟ್ಟಿದೀರ? ಹೀರೋ ಯಾವಾಗ ಬರ್ತಾನೆ?”

ದ್ಯಾಮಣ್ಣನ ಉಸಿರು ಈಗ ಬಿಟ್ಟು ಬಿಟ್ಟು ಬರುತ್ತಿತ್ತು. ಮೈತುಂಬ ಕೆಂಪು. ಯಾವುದು ಪಾಕ, ಯಾವುದು ಅವನದು ಎಂದು ನೋಡಿ ಹೇಳುವಂತಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಳು.

ನೀಲಗಂಗಮ್ಮ ಗಂಡನ ತಲೆಯ ಹಿಂದೆ ಕೈ ಒತ್ತಿದಳು. ಬಿಸಿಬಿಸಿಯಾಗಿ ತುಂಬಿ ಬಂತು. ಎದ್ದು ಹೋಗಿ, ಎಡಗೈಯಲ್ಲಿ ಶಶಿಕಾಂತನ ಕಾಲರ್ ಹಿಡಿದಳು. ಬಿಳಿ ಕಾಲರು, ಒಳ್ಳೆಯ ಹೊಲಿಗೆ. ಬಲಗೈಯ ಬೆರಳುಗಳನ್ನು ಅವನ ತುಟಿಯ ಮೇಲೆ ಎಳೆದಳು.

“ನೆಕ್ಕಯ್ಯ,” ಎಂದಳು. “ನೆಕ್ಕಿ ಹೇಳು, ಸಿಹಿ ಐತಾ?”

ಅವನ ನಾಲಗೆ ತುಟಿಯ ಅಂಚಿಗೆ ಬಂದು ನಿಂತಿತು. ಸುತ್ತ ಹಿಡಿದ ಮೊಬೈಲುಗಳಲ್ಲಿ ಒಂದೂ ಕೆಳಗಿಳಿಯಲಿಲ್ಲ.