ಚೌಕಟ್ಟಿನಾಚೆಯ ತಗಡು

ಅಂಗಿ ಕಾರ್ಖಾನೆಯ ಇಸ್ತ್ರಿ ವಿಭಾಗದೊಳಗೆ ಕಾಲಿಟ್ಟ ಕೂಡಲೇ ಮೊದಲು ಸೋತದ್ದು ನನ್ನ ಕ್ಯಾಮೆರಾ. ಲೆನ್ಸಿನ ಮೇಲೆ ಹಬೆ ಕಟ್ಟಿತು. ಆಮೇಲೆ ಸೋತದ್ದು ಫೋನು. ‘ತುಂಬಾ ಬಿಸಿಯಾಗಿದೆ, ತಣ್ಣಗಾಗಲು ಬಿಡಿ’ ಎಂದು ತೋರಿಸಿ ಕಣ್ಣು ಮುಚ್ಚಿತು. ಮೂರನೆಯವಳು ನಾನು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

ಮೇಲೆ ತಗಡು. ತಗಡಿಗೂ ತಲೆಗೂ ನಡುವೆ ಹಬೆಯ ಪೈಪುಗಳು. ಸಾಲು ಸಾಲು ಮೇಜು, ಮೇಜಿಗೊಬ್ಬ ಹೆಂಗಸು, ಒಬ್ಬೊಬ್ಬಳ ಕೈಯಲ್ಲೂ ಹಬೆ ಉಗುಳುವ ಇಸ್ತ್ರಿಪೆಟ್ಟಿಗೆ. ಅಂಗಿಯ ಕಾಲರ್, ತೋಳು, ಬೆನ್ನು, ಮತ್ತೆ ಕಾಲರ್. ಅಂಗಿಯ ಮೇಲೆ ಬೆವರು ತೊಟ್ಟಿಕ್ಕಿದರೆ ಬೈಗುಳ. ಅದಕ್ಕೆ ಎಲ್ಲರೂ ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದರು. ಕಿಟಕಿಗಳು ಇದ್ದವು. ಧೂಳು ಬಂದರೆ ಬಿಳಿ ಅಂಗಿ ಹಾಳಾಗುತ್ತದೆಂದು ಮೊಳೆ ಹೊಡೆದು ಮುಚ್ಚಿದ್ದರು.

“ಏನಾಯ್ತೇ?” ಎಂದಳು ಚಿಕ್ಕಮ್ಮ, ಕೈ ನಿಲ್ಲಿಸದೆ. ನಾನಿರುವುದು ಅವಳ ಮನೆಯಲ್ಲೇ.

“ಫೋನ್ ಬಿಸಿಯಾಗಿ ಆಫ್ ಆಯ್ತು ಚಿಕ್ಕಮ್ಮ.”

“ಪುಣ್ಯವಂತ ಫೋನು. ಬಿಸಿಯಾದ್ರೆ ಅದಕ್ಕೆ ರಜ ಸಿಗುತ್ತೆ.”

ಸಾಲುಗಳಲ್ಲಿ ನಗು ಹರಿಯಿತು. ಪಕ್ಕದ ಮೇಜಿನ ಹೆಂಗಸಿಗೆ ರೇಡಿಯೊ ಎಂದೇ ಹೆಸರು. ಅವಳ ಬಾಯಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. “ನಮ್ಮನ್ನೂ ಫೋನು ಅಂತ ಲೆಕ್ಕಕ್ಕೆ ತಗೊಳ್ಳಿ ಅಂತ ಒಂದು ಅರ್ಜಿ ಬರೆದುಕೊಡಮ್ಮ, ಓದಿರೋಳು” ಎಂದಳು.

ನಾನು ಓದಿದವಳು ಹೌದು. ಪತ್ರಿಕೆಯೊಂದರಲ್ಲಿ ಹವಾಮಾನ ಬದಲಾವಣೆಯ ವರದಿಗಾರ್ತಿ, ಮಲ್ಟಿಮೀಡಿಯಾ ವಿಭಾಗ, ಸದ್ಯಕ್ಕೆ ತರಬೇತಿ. ನಮ್ಮ ಬೀದಿಯವರಿಗೆ ಇದರಲ್ಲಿ ಹವಾಮಾನ ಎಂಬುದೊಂದೇ ಅರ್ಥವಾಗಿದೆ. “ನಾಳೆ ಕಂಬಳಿ ಒಗೀಬಹುದಾ?” ಎಂದು ಕೇಳುತ್ತಾರೆ. ಒಗೆಯಿರಿ ಎಂದಿದ್ದೆ ಒಮ್ಮೆ. ಮಳೆ ಬಂತು. ಆ ಮನೆಯವರು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ಮಲ್ಟಿಮೀಡಿಯಾ ಎಂದರೆ ಹಲವರ ಕೆಲಸ ಒಬ್ಬರೇ ಮಾಡುವುದು. ಫೋಟೊ ತೆಗೆಯಬೇಕು, ವಿಡಿಯೊ ಮಾಡಬೇಕು, ದನಿ ಕೊಡಬೇಕು, ವರದಿ ಬರೆಯಬೇಕು, ಡ್ರೋನ್ ಹಾರಿಸಬೇಕು, ಸಂಜೆ ಚೀಫ್‌ಗೆ ಟೀ ತರಬೇಕು. ಟೀ ಯಾವ ಮೀಡಿಯಾಕ್ಕೆ ಸೇರುತ್ತದೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಬಾಯಿ ಬಿಡದೆ ಮಾಡುವ ಕೆಲಸವೆಂದೇ ಕ್ಯಾಮೆರಾ ಹಿಡಿದವಳು ನಾನು. ಹಿಡಿದ ಮೇಲೆ ತಿಳಿಯಿತು, ಫೋಟೊ ತೆಗೆಯುವವರು ‘ಸ್ವಲ್ಪ ಈ ಕಡೆ ತಿರುಗಿ’ ಎನ್ನಬೇಕಾಗುತ್ತದೆ. ಅದು ನನ್ನಿಂದಾಗದು. ಹಾಗಾಗಿ ನನ್ನ ಫೋಟೊಗಳಲ್ಲೆಲ್ಲ ಜನರ ಬೆನ್ನುಗಳೇ ಇವೆ. ದಿನಚರಿಯಲ್ಲಿ ಮಾತ್ರ ನಾನು ಹುಲಿ. ಅಲ್ಲಿ ಮಂತ್ರಿಗಳಿಗೂ ಮಾಲೀಕರಿಗೂ ನಾನು ಕೊಟ್ಟಿರುವ ಉತ್ತರಗಳನ್ನು ಅಚ್ಚು ಹಾಕಿಸಿದರೆ ಸರ್ಕಾರವೇ ಬಿದ್ದುಹೋದೀತು.

ಹೋದ ಬೇಸಿಗೆಯಲ್ಲಿ ಬಿದ್ದದ್ದು ಚಿಕ್ಕಮ್ಮ. ಮೇಜಿನ ಪಕ್ಕಕ್ಕೆ ಕುಸಿದಳು. ಕಾದ ಪೆಟ್ಟಿಗೆಯ ಮೇಲೆ ಬೀಳಲಿಲ್ಲ ಎಂಬುದೇ ದೊಡ್ಡದು. ಆ ದಿನ ಹೆಂಗಸರೆಲ್ಲ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಿಂತುಬಿಟ್ಟರು. ಹಾಗೆ ನಿಂತು ಗಳಿಸಿದ್ದು ನೀರಿನ ಬಿಡುವು. ಮಧ್ಯಾಹ್ನ ಸ್ವಲ್ಪ ಹೊತ್ತು ಹೊರಗೆ ಬಂದು, ನೀರಿನ ಟ್ಯಾಂಕಿಯ ನೆರಳಲ್ಲಿ ಕೂತು, ನೀರು ಕುಡಿದು, ಮುಖಕ್ಕೆ ಚಿಮುಕಿಸಿಕೊಳ್ಳಬಹುದು. ಆ ಬಿಡುವಿನ ಬಲದ ಮೇಲೆ ಅವರು ಸಂಜೆ ಮುಟ್ಟುತ್ತಿದ್ದರು.

ನಾನು ತೆಗೆದ ಫೋಟೊಗಳನ್ನು ಚೀಫ್ ಒಂದೊಂದಾಗಿ ನೋಡಿದರು.

“ಎಲ್ಲಾ ಬೆನ್ನೇ ಇದೆಯಲ್ಲಮ್ಮ.”

“ಹೌದು ಸಾರ್.”

“ಹೋಗ್ಲಿ. ಸಮಸ್ಯೆ ಎಲ್ಲರೂ ತೋರಿಸ್ತಾರೆ. ನಮ್ದು ಪರಿಹಾರದ ಪತ್ರಿಕೋದ್ಯಮ. ಪರಿಹಾರ ಎಲ್ಲಿ?”

“ಇನ್ನೂ ಸಿಕ್ಕಿಲ್ಲ ಸಾರ್.”

ಪರಿಹಾರವನ್ನು ಅವರೇ ಹುಡುಕಿದರು. ನನ್ನ ಫೋಟೊಗಳನ್ನು ಕಾರ್ಖಾನೆಯ ಮ್ಯಾನೇಜರ್‌ಗೆ ತೋರಿಸಿ ಬಂದರಂತೆ. ಕಾರ್ಖಾನೆ ತನ್ನ ಸೂರಿಗೆ ಬಿಸಿಲು ಹೀರದ ಬಿಳಿ ಬಣ್ಣ ಹೊಡೆಸುತ್ತದೆ. ನಾವು ಅದರ ಫಿಲ್ಮ್ ಮಾಡುತ್ತೇವೆ. ಅಂಗಿ ಕೊಳ್ಳುವ ದೊಡ್ಡ ಕಂಪನಿಗಳು ಸೆಕೆಯ ಬಗ್ಗೆ ಪ್ರಶ್ನೆ ಕೇಳತೊಡಗಿವೆ. ಫಿಲ್ಮೇ ಅವರಿಗೆ ಉತ್ತರ. ನಮ್ಮ ‘ಹಸಿರು ನಾಳೆ’ ಪುಟಕ್ಕೆ ಇನ್ನು ಮುಂದೆ ಕಾರ್ಖಾನೆಯೇ ಪ್ರಾಯೋಜಕರು.

ನನಗೆ ಖುಷಿಯೋ ಖುಷಿ. ‘ನನ್ನ ಬೆನ್ನುಗಳು ಒಂದು ಸೂರಿನ ಬಣ್ಣ ಬದಲಿಸಿದವು’ ಎಂದು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಆಮೇಲೆ ಸಾಲದೆಂದು ಇನ್ನೊಂದು ಎಳೆದೆ.

ಆ ಕಟ್ಟಡ ರೈಲಿನ ಹಾಗೆ ಉದ್ದ. ಮುಂಭಾಗದಲ್ಲಿ ಆಫೀಸು, ಸ್ಯಾಂಪಲ್ ಕೋಣೆ, ಅತಿಥಿಗಳ ಊಟದ ಕೋಣೆ. ಹಿಂಭಾಗದಲ್ಲಿ ಇಸ್ತ್ರಿ. ಬಣ್ಣ ಶುರುವಾಗುವ ಮೊದಲು ಚೀಫ್ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು. “ಡ್ರೋನ್ ಈ ಎತ್ತರಕ್ಕೆ ನಿಲ್ಲಿಸು. ಫ್ರೇಮ್ ಎಲ್ಲಿಗೆ ಮುಗಿಯುತ್ತೆ, ಪೇಂಟರ್‌ಗೆ ಫೋನಲ್ಲಿ ಹೇಳು” ಎಂದರು. ಸೂರಿನ ಮೇಲೆ ಪೇಂಟರ್ ಸೀಮೆಸುಣ್ಣ ಹಿಡಿದು ನಿಂತಿದ್ದ. ನನಗೆ ಫೋನಿನಲ್ಲಾದರೆ ಸ್ವಲ್ಪ ಮಾತು ಬರುತ್ತದೆ.

“ಇನ್ನೂ ಹಿಂದೆ ಹೋಗಿ ಅಣ್ಣ. ಕಾಣ್ತಿದ್ದೀರ... ಇನ್ನೂ... ಹಾಂ, ಈಗ ಮಾಯ ಆದ್ರಿ.”

“ಇಲ್ಲೇ ಗೆರೆ ಹಾಕ್ಲಾ?”

“ಹಾಕಿ ಅಣ್ಣ.”

ಚಿತ್ರೀಕರಣದ ದಿನ ಯಾರೂ ಅಡ್ಡ ಬರದಿರಲೆಂದು ಆ ಗೆರೆ, ಅಂದುಕೊಂಡೆ. “ವೆರಿ ಗುಡ್. ನಿಖರವಾಗಿ ಹೇಳ್ದೆ” ಎಂದರು ಚೀಫ್. ನನ್ನನ್ನು ಅವರು ಹೊಗಳಿದ್ದು ಅದೇ ಮೊದಲು. ಬಸ್ಸಿನಲ್ಲಿ ನಗು ತಡೆಯಲಾಗದೆ, ಜನ ನೋಡುತ್ತಾರೆಂದು, ನಮ್ಮ ಸ್ಟಾಪಿಗಿಂತ ಮೊದಲೇ ಇಳಿದು ನಡೆದೆ.

ಬಣ್ಣದ ಕೆಲಸ ಮುಗಿದ ದಿನ ಚಿಕ್ಕಮ್ಮ ಮನೆಗೆ ಬಂದು ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟು ಕೂತಳು.

“ಹೇಗಿದೆ ಚಿಕ್ಕಮ್ಮ, ಈಗ ತಂಪಾಗಿದೆಯಾ ಒಳಗೆ?”

“ಎಲ್ಲಿ ತಂಪು? ಬಿಳಿ ಹೊಡೆದ್ರು ಅಂತ ಹೇಳಿದ್ರು. ನಮಗೇನೂ ಗೊತ್ತಾಗ್ಲಿಲ್ಲ. ಇವತ್ತೂ ರೇಡಿಯೊ ವಾಂತಿ ಮಾಡ್ಕೊಂಡ್ಳು.”

“ಬಿಳಿ ಬಣ್ಣ ಬಿಸಿಲನ್ನ ವಾಪಸ್ ಕಳಿಸುತ್ತೆ ಚಿಕ್ಕಮ್ಮ. ಖಂಡಿತ ಕಮ್ಮಿ ಆಗಿರುತ್ತೆ. ನಿನಗೆ ಸೆಕೆ ಅಭ್ಯಾಸ ಆಗಿರೋದ್ರಿಂದ ಗೊತ್ತಾಗ್ತಿಲ್ಲ ಅಷ್ಟೇ.”

ಅವಳು ನನ್ನನ್ನೇ ನೋಡಿದಳು. “ನನ್ನ ಮೈ ಸುಡೋಕೆ ಮುಂಚೆ ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು. ತಪ್ಪಾಯ್ತು ತಾಯಿ.”

ಬಿಳಿ ಸೂರನ್ನು ಅತಿಥಿಗಳಿಗೆ ತೋರಿಸುವ ಸಮಾರಂಭದ ಹಿಂದಿನ ದಿನ ಡ್ರೋನ್ ಅಭ್ಯಾಸ. ಎಲ್ಲಿಂದಲೋ ಒಂದು ಹದ್ದು ಅದರ ಮೇಲೆ ಎರಗಿ ಬಂತು. ನಾನು ಹೆದರಿ, ಇಳಿಸುವ ಬದಲು ಏರಿಸಿಬಿಟ್ಟೆ. ಕೈಯಲ್ಲಿದ್ದ ಪರದೆಯ ಮೇಲೆ ಸೂರು ಪೂರ್ತಿ ಬಿಚ್ಚಿಕೊಂಡಿತು. ಅರ್ಧಕ್ಕೆ ಬಿಳಿ ನಿಂತಿತ್ತು. ಕತ್ತರಿಯಿಂದ ಕತ್ತರಿಸಿದ ಹಾಗೆ, ನೇರವಾಗಿ. ಅದರಾಚೆ ತುಕ್ಕು ಹಿಡಿದ ಹಳೆಯ ತಗಡು, ಕೊನೆಯತನಕ.

ಪೇಂಟರ್ ಗೇಟಿನ ಬಳಿ ಬ್ರಷ್ಷು ತೊಳೆಯುತ್ತಿದ್ದ.

“ಅಣ್ಣ, ಇನ್ನರ್ಧ ಯಾವಾಗ ಹೊಡೀತೀರ?”

“ಯಾವ ಇನ್ನರ್ಧ? ಗೆರೆ ತನಕ ಅಂದ್ರು, ಹೊಡೆದ್ವಿ. ಗೆರೆ ಹಾಕ್ಸಿದ್ದು ನೀವೇ ಅಲ್ವಾ ಮೇಡಂ?”

ನನ್ನನ್ನು ಯಾರಾದರೂ ಮೇಡಂ ಎನ್ನಲಿ ಎಂದು ಬಹಳ ದಿನದಿಂದ ಆಸೆಯಿತ್ತು. ತೀರಿತು.

ಚೀಫ್ ಹತ್ತಿರ ಓಡಿದೆ. ಓಡುವಾಗ ವಾಕ್ಯ ಸಿದ್ಧವಿತ್ತು, ಎದುರು ನಿಂತಾಗ ಅರ್ಧವೇ ಉಳಿದಿತ್ತು. “ಸಾರ್, ಫ್ರೇಮಿನಲ್ಲಿ ಕಾಣೋಷ್ಟಕ್ಕೆ ಮಾತ್ರ ಬಣ್ಣ...”

“ಕಾಣದೇ ಇರೋದನ್ನ ಯಾರಾದ್ರೂ ಶೂಟ್ ಮಾಡ್ತಾರೇನಮ್ಮ? ನಾವೇನು ಸುಳ್ಳು ಹೇಳ್ತಿದ್ದೀವಾ? ಫ್ರೇಮಲ್ಲಿ ಇರೋದೆಲ್ಲ ನಿಜ ತಾನೆ?” ಆಮೇಲೆ ದನಿ ತಗ್ಗಿಸಿದರು. “ನಿನ್ನ ತರಬೇತಿ ಮುಗೀತಾ ಬಂತು. ಖಾಯಂ ಮಾಡೋಣ ಅಂತ ನಾನೇ ಮೇಲೆ ಹೇಳಿದ್ದೀನಿ. ಸುಮ್ನೆ ತಲೆ ಕೆಡಿಸ್ಕೋಬೇಡ.”

“ಸರಿ ಸಾರ್” ಎಂದೆ.

ಬಸ್ಸಿನಲ್ಲಿ ಕೂತು ದಿನಚರಿಯಲ್ಲಿ ಅವರಿಗೆ ಸರಿಯಾಗಿ ಉತ್ತರ ಕೊಟ್ಟೆ. ಎಂಥ ಉತ್ತರ! ಓದಿದ್ದರೆ ನಡುಗಿಹೋಗುತ್ತಿದ್ದರು. ಓದಲು ನಾನು ಕೊಡಬೇಕಲ್ಲ. ಚಿಕ್ಕಮ್ಮನಿಗೂ ಏನೂ ಹೇಳಲಿಲ್ಲ. ಅವಳು “ಮುಖ ಯಾಕೆ ಹೀಗಿದೆ?” ಎಂದಾಗ “ಬಿಸಿಲು” ಎಂದೆ.

ಮರುದಿನ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ. ಅದರ ಕೆಳಗೆ ಅಂಗಿ ಕೊಳ್ಳುವ ಕಂಪನಿಗಳ ಅತಿಥಿಗಳು, ಅವರ ಬೆನ್ನಿಗೆ ಕೂಲರುಗಳು. ಎದುರಿಗೆ ದೊಡ್ಡ ಪರದೆ. ಡ್ರೋನ್ ಕಂಡದ್ದು ಆ ಗಳಿಗೆಯಲ್ಲೇ ಅದರ ಮೇಲೆ ಬರುತ್ತದೆ. ಇಸ್ತ್ರಿಯ ಹೆಂಗಸರಿಗೆ ಬಿಳಿ ಟೋಪಿ ತೊಡಿಸಿ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಡ್ರೋನ್ ಬಂದಾಗ ಅವರು ಮೇಲೆ ನೋಡಿ ನಗುತ್ತ ಕೈ ಬೀಸಬೇಕು. ಸಾಲಿನ ತುದಿಯಲ್ಲಿ ಚಿಕ್ಕಮ್ಮ, ಅವಳ ಪಕ್ಕದಲ್ಲೇ ರಿಮೋಟು ಹಿಡಿದ ನಾನು, ನನ್ನ ಬೆನ್ನಿಗೆ ಚೀಫ್.

ಪರದೆಯ ಮೇಲೆ ಹಾಲಿನಂಥ ಬಿಳಿ ಸೂರು ಮೂಡಿತು. ಚಪ್ಪಾಳೆ. ಮ್ಯಾನೇಜರ್ ಮೈಕು ಹಿಡಿದರು.

“ಈ ಸೂರು ನಮ್ಮ ಅಕ್ಕತಂಗಿಯರಿಗೋಸ್ಕರ! ಅವರ ತಂಪಿಗೋಸ್ಕರ! ಇಡೀ ಸೂರು ಬಿಳಿ, ಒಳಗೆಲ್ಲ ತಂಪು. ಹಾಗಾಗಿ ಮಧ್ಯಾಹ್ನದ ನೀರಿನ ಬಿಡುವು ಇನ್ನು ಮುಂದೆ ಬೇಕಾಗಲ್ಲ ಅಂತ ತಿಳಿಸೋಕೆ ನನಗೆ ತುಂಬಾ ಸಂತೋಷ ಆಗ್ತಿದೆ.”

ಮತ್ತೆ ಚಪ್ಪಾಳೆ. ಸಾಲಿನಲ್ಲಿ ಎತ್ತಿದ್ದ ಕೈಗಳು ಎತ್ತಿದಲ್ಲೇ ನಿಂತವು. ರೇಡಿಯೊ ಸುಮ್ಮನಾದಳು. ಚಿಕ್ಕಮ್ಮ ಮ್ಯಾನೇಜರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಇದಕ್ಕೇನೇ ನೀನು ಅದನ್ನ ಹಾರಿಸ್ತಿರೋದು?”

ಹೇಳಲು ನನಗೆ ಎಷ್ಟೊಂದಿತ್ತು. ಪುಟಗಟ್ಟಲೆ ಇತ್ತು. ಬಾಯಿ ಅಂಟಿಕೊಂಡಿತ್ತು. ಆದರೆ ಹೆಬ್ಬೆರಳು ರಿಮೋಟಿನ ಮೇಲಿತ್ತು. ಅದನ್ನು ಮೇಲಕ್ಕೆ ಒತ್ತಿದೆ.

ಡ್ರೋನ್ ಏರಿತು. ಪರದೆಯ ಮೇಲೆ ಬಿಳಿ ಚಿಕ್ಕದಾಗುತ್ತ ಬಂತು, ಗೆರೆ ಕಂಡಿತು, ಗೆರೆಯ ಆಚೆ ತುಕ್ಕು ಕಂಡಿತು.

“ಇಳ್ಸು” ಎಂದರು ಚೀಫ್, ಹಲ್ಲು ಕಚ್ಚಿ.

“ಗಾಳಿ ಸಾರ್. ಗಾಳಿ ಜೋರಾಗಿದೆ.”

ಶಾಮಿಯಾನದ ಅಂಚಿನ ಬಣ್ಣದ ಕಾಗದ ಒಂದೂ ಅಲುಗುತ್ತಿರಲಿಲ್ಲ. ಬಂಡಾಯ ಏಳುವವರು ಘೋಷಣೆ ಕೂಗುತ್ತಾರೆ ಎಂದು ಓದಿದ್ದೆ. ನಾನು ಗಾಳಿಯ ಮೇಲೆ ಹಾಕಿದೆ.

“ನೆಟ್ಟಗೆ ಸುಳ್ಳು ಹೇಳಕ್ಕೂ ಬರಲ್ವಲ್ಲೇ ನಿಂಗೆ” ಎಂದಳು ಚಿಕ್ಕಮ್ಮ, ಪರದೆಯಿಂದ ಕಣ್ಣು ಕೀಳದೆ. “ಏರ್ಸು. ಇನ್ನೂ ಏರ್ಸು.”

“ಯಾರ ಸೂರೇ ಅದು, ತುಕ್ಕು ಹಿಡಿದಿರೋದು?” ಎಂದು ರೇಡಿಯೊಗೆ ಮತ್ತೆ ದನಿ ಬಂತು.

“ಪಕ್ಕದಲ್ಲಿ ನೀರಿನ ಟ್ಯಾಂಕಿ ಇದೆಯಲ್ಲ, ನೋಡು. ಅದು ನಮ್ಮ ಬಾಗಿಲು.”

“ಅಂದ್ರೆ ನಮ್ದೇ?”

“ನಮ್ದೇ ಕಣೇ!”

“ಹಾಗಾದ್ರೆ ಬಿಳಿ ಯಾರ ತಲೆ ಮೇಲೆ?”

“ಊಟದ ಕೋಣೆ ಮೇಲೆ. ಸಾಹೇಬರ ಊಟಕ್ಕೆ ಸೆಕೆ ಆಗುತ್ತಂತೆ!”

ಮಾತು ಸಾಲಿನ ಆ ತುದಿಗೆ ಹೋಗಿ ಬೈಗುಳವಾಗಿ ವಾಪಸ್ ಬಂತು. ಅತಿಥಿಗಳಲ್ಲಿ ಕೆಲವರು ಎದ್ದು ನಿಂತು ಫೋನು ಎತ್ತಿದರು. ಯಾರೋ ಓಡಿಹೋಗಿ ಪರದೆಯ ವೈರು ಕಿತ್ತರು. ಅಷ್ಟರಲ್ಲಿ ನೋಡಬೇಕಾದವರು ನೋಡಿಯಾಗಿತ್ತು.

ಚೀಫ್ ನನ್ನ ಕೊರಳಿನ ಗುರುತಿನ ಚೀಟಿಗೆ ಕೈ ಹಾಕಿ ಎಳೆದರು. ದಾರ ಜಡೆಗೆ ಸಿಕ್ಕಿಹಾಕಿಕೊಂಡಿತು. ಬಿಡಿಸಿಕೊಳ್ಳಲು ನಾನೇ ಸಹಾಯ ಮಾಡಿದೆ. “ಸಾರಿ ಸಾರ್” ಎಂದೂ ಅಂದೆ. ಅವರಿಗೆ ಅದನ್ನು ಜೇಬಿಗೆ ಹಾಕಿಕೊಳ್ಳುವುದೋ ಬಿಸಾಡುವುದೋ ತಿಳಿಯಲಿಲ್ಲ.

ಕೆಲಸದ ಸೈರನ್ ಕೂಗಿತು. ಹೆಂಗಸರು ಹೊರಟರು. ಆದರೆ ಕಟ್ಟಡದ ಹಿಂಭಾಗಕ್ಕಲ್ಲ, ಮುಂಭಾಗಕ್ಕೆ. ಚಿಕ್ಕಮ್ಮ ಮೊದಲು, ಅವಳ ಹಿಂದೆ ರೇಡಿಯೊ, ಆಮೇಲೆ ಇಡೀ ಸಾಲು. ನಾನೂ ರಿಮೋಟು ಹಿಡಿದುಕೊಂಡೇ ಹಿಂದೆ ನಡೆದೆ. ಅತಿಥಿಗಳ ಊಟದ ಕೋಣೆಯ ಬಾಗಿಲು ತೆರೆದೇ ಇತ್ತು. ಬಿಳಿ ಬಟ್ಟೆ ಹಾಸಿದ ಮೇಜುಗಳ ಸುತ್ತಲಿನ ಕುರ್ಚಿಗಳು ತುಂಬಿದವು. ಉಳಿದವರು ನೆಲದ ಮೇಲೆ ಕಾಲು ಚಾಚಿ ಕೂತರು. ಹಣೆಯ ಬಟ್ಟೆ ಬಿಚ್ಚಿದರು. ಯಾರೋ “ಅಮ್ಮಾ, ಎಷ್ಟು ತಂಪಿದೆಯೇ ಇಲ್ಲಿ!” ಎಂದರು.

ಮ್ಯಾನೇಜರ್ ಏದುಸಿರು ಬಿಡುತ್ತ ಬಂದರು.

“ಇದೇನ್ರೀ ಇದು? ಯಾರು ನಿಮ್ಮನ್ನ ಇಲ್ಲಿಗೆ ಬಿಟ್ಟಿದ್ದು? ಎದ್ದೇಳಿ! ಇಸ್ತ್ರಿ ಯಾರು ಮಾಡ್ತಾರೆ?”

“ನಾವೇ ಮಾಡ್ತೀವಿ ಸಾರ್” ಎಂದಳು ರೇಡಿಯೊ. “ಮೇಜು ಇಲ್ಲಿಗೆ ತರ್ಸಿ. ಹಬೆ ಪೈಪು ಸ್ವಲ್ಪ ಉದ್ದ ಮಾಡ್ಸಿ.”

“ತಮಾಷೆ ಮಾಡ್ತಿದ್ದೀರಾ?”

ಚಿಕ್ಕಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಕುರ್ಚಿಗೆ ಚೆನ್ನಾಗಿ ಒರಗಿಕೊಂಡಳು.

“ಈ ಸೂರು ನಮಗೋಸ್ಕರ ಅಂತ ಈಗ ತಾನೆ ಮೈಕಲ್ಲಿ ಹೇಳಿದ್ರಲ್ಲ ಸಾರ್. ಬಂದ್ವಿ.”