ಮೂವತ್ತೆಂಟು ಅಡಿ ಜೋಡಿಸಿದ್ದು ನಾನು

ನಾನು ಒಂದು ಫಿಲಂ ಜೋಡಿಸುವ ಯಂತ್ರ. ಒಂದು ಗೇಣು ಉದ್ದ, ಅಂಗೈ ಎರಡರಷ್ಟು ಅಗಲ. ಹರಿದ ಫಿಲಮ್ಮಿನ ಎರಡು ತುದಿಗಳನ್ನು ನನ್ನ ಚಿಕ್ಕ ಹಲ್ಲುಗಳ ಮೇಲೆ ಕೂರಿಸಿ, ಕೊನೆ ಕೆರೆದು, ಅಂಟು ಸವರಿ, ಮುಚ್ಚಳ ಒತ್ತಿ ಹದಿನೈದು ಎಣಿಸಿದರೆ ಎರಡೂ ಒಂದಾಗುತ್ತವೆ. ಕತ್ತರಿಸುವ ಅಲಗೂ ನನ್ನ ಮೈಯಲ್ಲೇ ಇದೆ. ಅದನ್ನೇನೂ ನಾನು ಮುಚ್ಚಿಡುವುದಿಲ್ಲ.

ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ನನ್ನ ಹಲ್ಲುಗಳನ್ನು ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ್ದು ಒಬ್ಬ ಹೆಂಗಸು. ಕಂಪನಿಯ ಹೆಸರನ್ನು ನನ್ನ ಮೈಮೇಲೆ ಎರಡು ಕಡೆ ಕೆತ್ತಿದ್ದಾರೆ, ಆಕೆಯ ಹೆಸರು ಎಲ್ಲೂ ಇಲ್ಲ. ಲೋಕದ ನ್ಯಾಯ ಎಂಥದ್ದು ಅಂತ ನನಗೆ ಹುಟ್ಟಿದ ದಿನವೇ ಗೊತ್ತಾಯಿತು.

ಅಲ್ಲಿಂದ ಹಡಗು ಹತ್ತಿ ಪೂರ್ವ ಆಫ್ರಿಕಾದ ಒಂದು ಬಂದರು ಪಟ್ಟಣಕ್ಕೆ, ಅಲ್ಲಿನ ಟೆಲಿವಿಷನ್ ಕೇಂದ್ರಕ್ಕೆ ಬಂದೆ. ಮೊದಲ ಯಜಮಾನ ಒಬ್ಬ ಬಿಳಿಯ ಎಂಜಿನಿಯರ್. ಆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಆತ ಟೊಪ್ಪಿ, ನಾಯಿ, ಗ್ರಾಮಫೋನು ಎಲ್ಲ ಕಟ್ಟಿಕೊಂಡು ಹೋದ. ಅವನ ಕುರ್ಚಿಯಲ್ಲಿ ಬಂದು ಕೂತವರು ಎಸ್ತೇರ್ ಸಾಲಿನ್ಸ್. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವನ ಮಗಳು. ತಂದೆಯ ಬೆರಳಿನಿಂದ ಜೇಡಿಮಣ್ಣಿನ ಕಲೆ ಯಾವ ಸೋಪಿಗೂ ಹೋಗುತ್ತಿರಲಿಲ್ಲವಂತೆ. ಎಸ್ತೇರಮ್ಮನ ಬೆರಳಲ್ಲಿ ಫಿಲಮ್ಮಿನ ಅಂಟು ಹಾಗೇ ಕೂತಿತ್ತು.

ಪ್ರತಿ ಗುರುವಾರ ಸಂಜೆ ಆರೂವರೆಗೆ ನಮ್ಮ ಕೇಂದ್ರದಿಂದ ಇಂಗ್ಲೆಂಡಿನ ಒಂದು ಧಾರಾವಾಹಿ ಪ್ರಸಾರವಾಗುತ್ತಿತ್ತು. ಹೆಸರು 'ಬೂದಿಗ್ರಹ'. ರಾಕೆಟ್ಟು, ಮುಕ್ಕಣ್ಣಿನ ಜೀವಿಗಳು, ಭೂಮಿಯಿಂದ ಹೋದ ಧಣಿಗಳು. ಮುಕ್ಕಣ್ಣರ ಕೊರಳಿಗೆ ನಂಬರಿನ ಪಟ್ಟಿ ಕಟ್ಟಿ ಗಣಿಗೆ ಇಳಿಸುತ್ತಿದ್ದರು. ಪುರಭವನದ ಅಂಗಳದ ದೊಡ್ಡ ಟಿವಿಯ ಮುಂದೆ ಬಂದರಿನ ಹಮಾಲರು ನೆಲದಲ್ಲಿ ಕೂತು ಅದನ್ನು ನೋಡುತ್ತಿದ್ದರು. ಅವರ ಎದೆಯ ಮೇಲೂ ಹಿತ್ತಾಳೆಯ ಬಿಲ್ಲೆ ಇತ್ತು, ಬಿಲ್ಲೆಯ ಮೇಲೆ ನಂಬರು. ಹಾಜರಿ ಕೂಗುವಾಗ ಯಾರೂ ಅವರ ಹೆಸರು ಕೂಗುತ್ತಿರಲಿಲ್ಲ.

ಆ ಕಡೆಯ ದೇಶಗಳಿಗೆಲ್ಲ ಫಿಲಮ್ಮಿನದು ಒಂದೇ ಪ್ರತಿ. ದೇಶದಿಂದ ದೇಶಕ್ಕೆ ತಿರುಗುತ್ತಿತ್ತು. ಸೋಮವಾರ ನಮ್ಮಲ್ಲಿಗೆ ಬಂದರೆ ಶುಕ್ರವಾರದ ವಿಮಾನದಲ್ಲಿ ಮುಂದಿನ ದೇಶಕ್ಕೆ. ಸರಕಾರ ಬೇಡ ಅಂದ ದೃಶ್ಯವನ್ನು ನಾವು ಮಂಗಳವಾರ ಕತ್ತರಿಸಿ ಡಬ್ಬಿಯಲ್ಲಿಡುವುದು, ಪ್ರಸಾರ ಮುಗಿದ ಮೇಲೆ ಶುಕ್ರವಾರ ಬೆಳಿಗ್ಗೆ ಅದನ್ನು ಮತ್ತೆ ಅಂಟಿಸಿ ಇಡಿಯಾಗಿ ಕಳಿಸುವುದು. ಇದು ಪದ್ಧತಿ. ಎಷ್ಟು ಮುತ್ತು, ಎಷ್ಟು ಗುಂಡೇಟು ಹೀಗೆ ನನ್ನ ಅಲಗಿನ ಕೆಳಗೆ ಹೋಗಿ ಬಂದಿವೆಯೋ!

ಆ ಮಂಗಳವಾರ ಕಾರ್ಯಕ್ರಮ ಅಧಿಕಾರಿ ವಾಮನ ಪ್ರಭುಗಳು ಚೀಟಿ ಹಿಡಿದುಕೊಂಡು ಬಂದರು. ಕಾರ್ಕಳದವರು. ಕೆಟ್ಟವರಲ್ಲ. ಹೆದರುವವರು.

"ಎಸ್ತೇರ್, ಮೂವತ್ತೆಂಟು ಅಡಿ ತೆಗೀಬೇಕಂತೆ. ಮೇಲಿಂದ ಬಂದದ್ದು."

"ಎಂತಕ್ಕಂತೆ? ಬತ್ತಲೆ ಉಂಟಾ?"

"ಬತ್ತಲೆ ಆದ್ರೆ ಅವರೇ ಎರಡು ಸಲ ನೋಡಿ ಬಿಡ್ತಿದ್ರು ಮಾರಾಯ್ತಿ. ಕೂಲಿಗಳು ಕೊರಳಪಟ್ಟಿ ಬಿಚ್ಚಿ ಧಣಿಯ ಮೇಜಿನ ಮೇಲೆ ಇಟ್ಟು ಹೋಗ್ತಾರಲ್ಲ, ಅದು."

"ಅವು ಬೇರೆ ಗ್ರಹದ ಕೂಲಿಗಳು ಪ್ರಭುಗಳೇ. ಮೂರು ಕಣ್ಣು ಉಂಟು ಅವಕ್ಕೆ."

"ನಮ್ಮ ಬಂದರಿನವರಿಗೆ ಎರಡೇ. ಆ ಎರಡೂ ಸರಿಯಾಗಿ ಕಾಣ್ತದಲ್ಲ, ಅದೇ ರಗಳೆ!"

ಆ ವಾರ ಬಂದರಿನಲ್ಲಿ ಸಿಟ್ಟು ಹೊಗೆಯಾಡುತ್ತಿತ್ತು. ಕ್ರೇನಿನ ಹಗ್ಗ ಕಡಿದು ಇಬ್ಬರು ಹಮಾಲರು ಸತ್ತಿದ್ದರು. ಬಂದರಿನ ಕಚೇರಿ ಹಚ್ಚಿದ ನೋಟೀಸಿನಲ್ಲಿ ಅವರ ಹೆಸರಿರಲಿಲ್ಲ, ಎರಡು ನಂಬರುಗಳಿದ್ದವು. ನಮ್ಮಲ್ಲಿ ಫಿಲಂ ಓಡಿಸುತ್ತಿದ್ದವನು ಜುಮಾ. ಅವನ ಅಣ್ಣನೂ ಬಂದರಿನಲ್ಲೇ ದುಡಿಯುವವನು.

ಎಸ್ತೇರಮ್ಮ ಕತ್ತರಿಸಿದರು. ಹೌದು, ಕತ್ತರಿಸಿದರು, ನನ್ನ ಅಲಗಿನಿಂದಲೇ. ಮೂವತ್ತೆಂಟು ಅಡಿ ಅಂದರೆ ಪರದೆಯ ಮೇಲೆ ಬರೀ ಒಂದು ನಿಮಿಷ. ತುಂಡನ್ನು ಸುತ್ತಿ ಡಬ್ಬಿಗೆ ಹಾಕಿದರು. ಬುಧವಾರವಿಡೀ ಆ ಡಬ್ಬಿಯ ಕಡೆ ನೋಡದೆ ಕೆಲಸ ಮಾಡಿದರು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ತೆರೆದಿಟ್ಟುಕೊಂಡೇ ನನ್ನನ್ನು ಮುಂದಕ್ಕೆ ಎಳೆದುಕೊಂಡರು. ಡಬ್ಬಿಯಿಂದ ತುಂಡು ತೆಗೆದರು. ತುದಿ ಕೆರೆದರು, ಅಂಟು ಸವರಿದರು, ಒತ್ತಿದರು. ಹದಿನೈದು ಎಣಿಸುವಲ್ಲಿ ಮೂವತ್ತು ಎಣಿಸಿದರು. ಜುಮಾ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಇವತ್ತು ಶುಕ್ರವಾರ ಅಲ್ಲ."

"ಗೊತ್ತುಂಟು. ನೀನು ಏನೂ ನೋಡಲಿಲ್ಲ. ನಾನು ಕೊಟ್ಟದ್ದನ್ನು ನೀನು ಓಡಿಸಿದೆ, ಅಷ್ಟೇ."

ಆಮೇಲೆ ಕೆಲಸದ ಪುಸ್ತಕ ತೆರೆದು ದೊಡ್ಡ ಅಕ್ಷರದಲ್ಲಿ ಬರೆದರು: 'ಗುರುವಾರ, ಮೂರು ಗಂಟೆ. ಮೂವತ್ತೆಂಟು ಅಡಿ ಜೋಡಿಸಲಾಗಿದೆ.' ಕೆಳಗೆ ಪೂರ್ತಿ ಹೆಸರು.

ಆರೂವರೆಗೆ ಫಿಲಂ ಓಡಿತು. ನನ್ನ ಎರಡು ಜೋಡಣೆಗಳೂ ಯಂತ್ರದ ಬಾಯಿಂದ ತೊಡರದೆ ದಾಟಿದವು. ಜೀವಮಾನದಲ್ಲಿ ಸಾವಿರಾರು ಜೋಡಣೆ ಮಾಡಿದ್ದೇನೆ, ಆ ಎರಡರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಮುಕ್ಕಣ್ಣರು ಒಬ್ಬೊಬ್ಬರಾಗಿ ಬಂದು, ಪಟ್ಟಿ ಬಿಚ್ಚಿ, ಮೇಜಿನ ಮೇಲೆ ಇಟ್ಟು, ತಮ್ಮ ಹೆಸರು ಹೇಳಿ ಹೋದರು. ಒಂದು ನಿಮಿಷ. ಪುರಭವನದ ಅಂಗಳದಲ್ಲಿ ಹಿಂದೆ ಕೂತವರು ಎದ್ದು ನಿಂತು ನೋಡಿದರಂತೆ.

ಮರುದಿನ ಬೆಳಿಗ್ಗೆ ಏಳುನೂರು ಹಮಾಲರು ಬಂದರಿನ ಗೇಟಿನಲ್ಲಿ ಸಾಲು ನಿಂತರು. ಒಬ್ಬೊಬ್ಬರೂ ಬಿಲ್ಲೆ ಕಳಚಿ ಕಚೇರಿಯ ಮೆಟ್ಟಿಲ ಮೇಲೆ ಇಟ್ಟು, ಹೆಸರು ಹೇಳಿ, ಕೆಲಸಕ್ಕೆ ಇಳಿಯದೆ ತಿರುಗಿ ಹೋದರು. ಒಂದು ಕಲ್ಲೂ ತೂರಲಿಲ್ಲ. ಟಿವಿ ನೋಡಿ ಸಿಟ್ಟು ಬಂತು ಅಂತ ನಾನು ಜಂಬ ಕೊಚ್ಚುವುದಿಲ್ಲ. ಸಿಟ್ಟು ಅವರದು, ಸತ್ತವರೂ ಅವರವರೇ. ಆದರೆ ಸಿಟ್ಟನ್ನು ಹೀಗೂ ಎದುರಿಗೆ ಇಡಬಹುದು ಅಂತ ತೋರಿಸಿದ ಆ ಒಂದು ನಿಮಿಷ ನನ್ನ ಕೈಕೆಲಸ. ಒಂಬತ್ತನೆಯ ದಿನ ಕ್ರೇನಿಗೆ ಹೊಸ ಹಗ್ಗ ಬಂತು. ಹಾಜರಿಯಲ್ಲಿ ಹೆಸರು ಬಂತು.

ಕೇಂದ್ರದಲ್ಲಿ ಎಸ್ತೇರಮ್ಮನ ವಿಚಾರಣೆ. ಅದಕ್ಕೆ ಮೊದಲು ಪ್ರಭುಗಳು ಓಡಿ ಬಂದರು.

"ದಿನ ತಪ್ಪಿತು ಅಂತ ಒಂದು ಗೆರೆ ಬರೆದುಕೊಡು. ಗುರುವಾರವನ್ನು ಶುಕ್ರವಾರ ಅಂತ ಎಣಿಸಿದೆ ಅನ್ನು. ಮತ್ತೆ ನಾನು ನೋಡ್ಕೊಳ್ತೇನೆ. ಇಲ್ಲಾಂದ್ರೆ ಊರಿಗೆ ಕಳಿಸ್ತಾರೆ."

"ಒಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಲಿಲ್ಲ ಪ್ರಭುಗಳೇ. ಈಗ ನನಗೆ ವಾರ ಗೊತ್ತಿಲ್ಲ ಅಂತ ನಾನೇ ಬರೀಬೇಕಾ?"

"ಹಟ ಯಾಕೆ ಮಾರಾಯ್ತಿ!"

"ಅಲ್ಲಿ ಏಳುನೂರು ಜನ ಹೆಸರು ಹೇಳಿದ್ದಾರೆ. ನನ್ನದೊಂದು ಅಳಿಸುವುದಾ?"

ಕೆಲಸ ಹೋಯಿತು. ಹಡಗಿನ ಕಟ್ಟೆಗೆ ಜುಮಾ ನನ್ನನ್ನು ಬಟ್ಟೆಯಲ್ಲಿ ಸುತ್ತಿ ತಂದ. "ಹೊಸ ಯಂತ್ರ ಬಂತು ಅಕ್ಕಾ, ಇದನ್ನು ಗುಜರಿಗೆ ಬರೆದಿದ್ದಾರೆ. ನಿಮ್ಮ ಕೈಯಲ್ಲೇ ಇರಲಿ." ಹಮಾಲರು ಎಸ್ತೇರಮ್ಮನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹಡಗಿಗೆ ಏರಿಸಿದರು. ಪ್ರಭುಗಳು ದೂರದಲ್ಲಿ ನಿಂತಿದ್ದರು. ಆದರೂ ಬಂದಿದ್ದರು.

ಮಂಗಳೂರಿನಲ್ಲಿ ನನಗೆ ಎರಡನೆಯ ಜನ್ಮ. ಎಸ್ತೇರಮ್ಮ ಬೋಳಾರದ ಓದುಬಳಗ ಸೇರಿದರು. ಬೀಡಿ ಕಟ್ಟುವವರಿಗೆ, ಹೆಂಚಿನ ಕೆಲಸದವರಿಗೆ ಭಾನುವಾರ ಓದು, ಚರ್ಚೆ, ಹಳೆಯ ಪ್ರೊಜೆಕ್ಟರಿನಲ್ಲಿ ಸಿನಿಮಾ. ಎಲ್ಲೆಲ್ಲಿಂದಲೋ ಬರುತ್ತಿದ್ದ ಫಿಲಮ್ಮುಗಳು ಹರಿದು ಚಿಂದಿಯಾಗಿರುತ್ತಿದ್ದವು. ಎಲ್ಲವನ್ನೂ ಜೋಡಿಸಿಕೊಟ್ಟೆ. ಅಲ್ಲಿ ನನ್ನ ಅಲಗಿಗೆ ಕೆಲಸವೇ ಇರಲಿಲ್ಲ. ತುಕ್ಕು ಹಿಡಿಯಿತು, ಹಿಡಿಯಲಿ. ವಿಡಿಯೋ ಬಂದ ಮೇಲೆ ಬಳಗದ ವಾಚನಾಲಯದ ಕಪಾಟಿನ ಮೇಲೆ ಕೂತೆ. ಇಲ್ಲೇ ಇದ್ದೇನೆ.

ಕಳೆದ ವರ್ಷ ಲಂಡನ್ನಿನಿಂದ ಒಬ್ಬಳು ಸಂಶೋಧಕಿ ಹುಡುಕಿಕೊಂಡು ಬಂದಳು. ಎಸ್ತೇರಮ್ಮನಿಗೆ ಈಗ ಎಂಬತ್ತೆಂಟು. 'ಬೂದಿಗ್ರಹ'ದ ಒಂದು ಪ್ರತಿಯೂ ಲೋಕದಲ್ಲಿ ಉಳಿದಿಲ್ಲವಂತೆ. ತಿರುಗಾಟ ಮುಗಿದ ಮೇಲೆ, ನಿಯಮದ ಪ್ರಕಾರ ಎಲ್ಲವನ್ನೂ ಸುಟ್ಟರಂತೆ. ಬೇರೆ ಬೇರೆ ದೇಶದವರು ಕತ್ತರಿಸಿ, ಮತ್ತೆ ಅಂಟಿಸದೆ ಮರೆತ ಚೂರುಗಳು ಮಾತ್ರ ಅಲ್ಲಲ್ಲಿ ಸಿಕ್ಕಿವೆಯಂತೆ.

"ಕೊರಳಪಟ್ಟಿಯ ದೃಶ್ಯ ನಿಮ್ಮಲ್ಲಿ ಕತ್ತರಿಸಿದ್ದರು ಅಂತ ದಾಖಲೆ ಇದೆ. ಆ ಚೂರು ಇಟ್ಟುಕೊಂಡಿದ್ದೀರಾ ಅಮ್ಮ?" ಅಂತ ಆಕೆ ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ. ಜೋಡಿಸಿ ತೋರಿಸಿಬಿಟ್ಟೆ."

ಹುಡುಗಿಯ ಮುಖ ಸಪ್ಪೆಯಾಯಿತು. "ಜೋಡಿಸದೆ ಇದ್ದಿದ್ದರೆ ಇವತ್ತು ಅದು ಉಳಿದಿರುತ್ತಿತ್ತು."

ಎಸ್ತೇರಮ್ಮ ನಕ್ಕರು, ಹಲ್ಲಿಲ್ಲದ ಬಾಯಿ ತುಂಬ. "ಡಬ್ಬಿಯಲ್ಲಿಟ್ಟು ಕಾಯಲಿಕ್ಕೆ ಅದೇನು ಉಪ್ಪಿನಕಾಯಿಯಾ ಮಗಾ? ಏಳುನೂರು ಜನ ನೋಡಿದರು."

ಕತ್ತರಿಗೆ ತಲೆಬಾಗಿದ ಊರುಗಳ ಚೂರುಗಳನ್ನೆಲ್ಲ ಈಗ ತಣ್ಣನೆಯ ಕೋಣೆಗಳಲ್ಲಿ ಜೋಪಾನವಾಗಿ ಇಟ್ಟಿದ್ದಾರಂತೆ. ನಮ್ಮ ಮೂವತ್ತೆಂಟು ಅಡಿ ಅಲ್ಲಿಲ್ಲ. ಬೇಕಾದ ದಿನ, ಬೇಕಾದವರ ಕಣ್ಣೆದುರು ಅದು ಓಡಿ ಮುಗಿದಿದೆ. ಹುಡುಗಿ ಹೋದ ಮೇಲೆ ಎಸ್ತೇರಮ್ಮ ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿದರು. ನಾನು ಕಬ್ಬಿಣ, ಎದೆ ಉಬ್ಬಿಸಲು ಬರುವುದಿಲ್ಲ. ಬರುತ್ತಿದ್ದರೆ ಆಗ ಉಬ್ಬಿಸುತ್ತಿದ್ದೆ.